ಎಲ್ಲರೂ ಬಿಟ್ಟುಹೋದ ಮೇಲೆ ಬರೆದ ಪತ್ರ

ನಂಬಿದ ಗೆಳೆಯರು ಕೈಬಿಟ್ಟರು ಎಂದು ಹೇಳಿಕೊಂಡವರಿಗೆ ಕ್ರೈಸ್ತ ಮನೆಗಳಲ್ಲಿ ತಕ್ಷಣ ಸಿಗುವ ಸಮಾಧಾನ ಒಂದೇ: ‘ಮನುಷ್ಯರನ್ನು ನಂಬಬೇಡ, ಯೇಸುಸ್ವಾಮಿ ಇದ್ದಾರಲ್ಲ, ಸಾಕು.’ ಹೇಳುವವರ ಮನಸ್ಸು ಒಳ್ಳೆಯದೇ. ಆದರೆ ಕೇಳಿಸಿಕೊಂಡವರಿಗೆ ಎಷ್ಟೋ ಸಲ ಅದು ಇನ್ನೊಂದು ಹೊರೆಯಾಗುತ್ತದೆ. ದೇವರಿದ್ದೂ ಇಷ್ಟು ನೋಯುತ್ತಿದೆ ಎಂದರೆ ನನ್ನ ವಿಶ್ವಾಸದಲ್ಲೇ ಏನೋ ಕೊರತೆ ಇರಬೇಕು ಎಂದು ಅವರು ಒಳಗೊಳಗೇ ಕೊರಗುತ್ತಾರೆ. ಸತ್ಯವೇದ ಅವರ ಮೇಲೆ ಆ ಹೊರೆ ಹೊರಿಸುವುದಿಲ್ಲ. ಅದು ಕೊಡುವ ಸಾಂತ್ವನದಲ್ಲಿ ದೇವರಿಗೂ ಜಾಗವಿದೆ, ಗೆಳೆಯರಿಗಾಗಿ ಹಂಬಲಿಸುವುದಕ್ಕೂ ಜಾಗವಿದೆ.

ತಿಮೊಥೆಯನಿಗೆ ಬರೆದ ಎರಡನೆಯ ಪತ್ರಿಕೆಯನ್ನು ನೋಡಿ. ಸೆರೆಯಲ್ಲಿರುವ, ಸಾವು ಹತ್ತಿರವಾಯಿತೆಂದು ಬಲ್ಲ ಪೌಲ ತನ್ನ ಕಿರಿಯ ಸಂಗಾತಿಗೆ ಬರೆದದ್ದು ಎಂದು ಸಭೆ ಇದನ್ನು ಓದಿಕೊಂಡು ಬಂದಿದೆ. (ಪೌಲನ ನಂತರ ಅವನ ಶಿಷ್ಯರು ಬರೆದಿರಬಹುದು ಎನ್ನುವ ವಿದ್ವಾಂಸರೂ ಇದ್ದಾರೆ. ನೊಂದವರ ಓದಿಗೆ ಆ ಚರ್ಚೆ ಅಡ್ಡಬರಬೇಕಿಲ್ಲ.) ಲೋಕದ ಆಸೆಗೆ ಬಿದ್ದು ದೇಮ ತನ್ನನ್ನು ಬಿಟ್ಟು ಥೆಸಲೊನೀಕಕ್ಕೆ ಹೊರಟುಹೋದ ಎಂದು ಪೌಲ ಹೆಸರು ಹಿಡಿದೇ ಹೇಳುತ್ತಾನೆ. ಈ ದೇಮ ನಿನ್ನೆ ಮೊನ್ನೆ ಪರಿಚಯವಾದವನಲ್ಲ. ಫಿಲೆಮೋನನಿಗೆ ಬರೆದ ಪತ್ರದ ಕೊನೆಯಲ್ಲಿ, ವಂದನೆ ಹೇಳಿ ಕಳಿಸಿದ ಜೊತೆ ಕೆಲಸಗಾರರ ಸಾಲಿನಲ್ಲಿ, ಲೂಕನ ಪಕ್ಕದಲ್ಲೇ ಅವನ ಹೆಸರಿದೆ.

ಮೊದಲ ವಿಚಾರಣೆಯ ದಿನ ಪೌಲನ ಪರವಾಗಿ ನಿಲ್ಲಲು ಒಬ್ಬರೂ ಬರಲಿಲ್ಲ. ಅದು ಅವರ ಲೆಕ್ಕಕ್ಕೆ ಸೇರದಿರಲಿ ಎಂದು ಬೇಡಿಕೊಳ್ಳುತ್ತಾನೆ. ಆ ಹೊತ್ತಿನಲ್ಲಿ ಕರ್ತನು ತನ್ನ ಬಳಿ ನಿಂತು ಬಲ ಕೊಟ್ಟನು ಎನ್ನುತ್ತಾನೆ. ಪ್ರಸಂಗಗಳು ಸಾಮಾನ್ಯವಾಗಿ ಇಲ್ಲಿಗೇ ನಿಂತುಬಿಡುತ್ತವೆ. ಅದೇ ಅಧ್ಯಾಯದಲ್ಲಿ ‘ಬೇಗ ಬಾ’ ಎಂಬ ಕರೆಯೂ ಇದೆ. ಕೊನೆಯಲ್ಲಿ ಮತ್ತೊಮ್ಮೆ, ಚಳಿಗಾಲ ಶುರುವಾಗುವ ಮುಂಚೆಯೇ ಬಾ ಎಂಬ ಒತ್ತಾಯವಿದೆ. ಬರುವಾಗ ತ್ರೋವದಲ್ಲಿ ಕರ್ಪನ ಬಳಿ ಬಿಟ್ಟುಬಂದ ಮೇಲಂಗಿ ತರಬೇಕು, ಪುಸ್ತಕಗಳನ್ನು ತರಬೇಕು, ಅದರಲ್ಲೂ ಚರ್ಮದ ಹಾಳೆಗಳನ್ನು ಮರೆಯಬಾರದು. ದೇವರು ಪಕ್ಕದಲ್ಲಿದ್ದಾನೆಂದು ಅನುಭವದಿಂದ ಬಲ್ಲ ಮನುಷ್ಯನಿಗೂ ಮೈಗೆ ಚಳಿಯಾಗುತ್ತದೆ, ಓದಲು ಏನಾದರೂ ಬೇಕೆನಿಸುತ್ತದೆ, ಬೇಕಾದವರ ಮುಖ ನೋಡಬೇಕೆನಿಸುತ್ತದೆ. ಇದನ್ನು ಅವಿಶ್ವಾಸ ಎಂದು ಕರೆಯುವ ಅಧಿಕಾರ ಯಾರಿಗೂ ಇಲ್ಲ.

ಹಾಗಾದರೆ ವಿಶ್ವಾಸ ಇಲ್ಲಿ ಮಾಡುವ ಕೆಲಸವೇನು? ಮೊದಲಿಗೆ, ಅಳಲನ್ನು ಬಾಯಿಬಿಟ್ಟು ಹೇಳಿಕೊಳ್ಳಲು ಬಿಡುತ್ತದೆ. 150 ಕೀರ್ತನೆಗಳಲ್ಲಿ ದೊಡ್ಡ ಪಾಲು ಗೋಳಾಟವೇ. ತನ್ನ ಮನೆಯಲ್ಲಿ ಉಂಡವನೇ ತಿರುಗಿಬಿದ್ದ ದುಃಖ 41ನೆಯದರಲ್ಲಿದೆ. ವೈರಿಯಾಗಿದ್ದರೆ ತಾಳಿಕೊಳ್ಳುತ್ತಿದ್ದೆ, ದೇವಾಲಯಕ್ಕೆ ಜೊತೆಯಲ್ಲಿ ನಡೆದು ಬರುತ್ತಿದ್ದವನೇ ಹೀಗೆ ಮಾಡಿದನಲ್ಲ ಎಂಬ ಸಂಕಟ 55ನೆಯದರಲ್ಲಿದೆ. 88ನೆಯದಂತೂ ಸಮಾಧಾನದ ಒಂದು ಮಾತೂ ಇಲ್ಲದೆ, ಆಪ್ತರು ದೂರವಾದ ಕತ್ತಲಲ್ಲೇ ಮುಗಿದುಹೋಗುತ್ತದೆ. ಅದನ್ನೂ ಆರಾಧನೆಯ ಪುಸ್ತಕದಲ್ಲಿ ಉಳಿಸಿಕೊಂಡವರ ಬಗ್ಗೆ ನನಗೆ ಬಹಳ ಗೌರವ. ಇನ್ನೂ ಸಮಾಧಾನ ಸಿಗದವನೂ ಅದನ್ನು ಹಿಡಿದು ಪ್ರಾರ್ಥಿಸಬಹುದು.

ವಿಶ್ವಾಸ ಕೊಡುವ ಇನ್ನೊಂದು ಆಸರೆ ಕ್ರೈಸ್ತ ನಂಬಿಕೆಯ ನಡುಮಧ್ಯದಲ್ಲೇ ಇದೆ. ಪ್ರಾರ್ಥನೆಯನ್ನು ಕೇಳಿಸಿಕೊಳ್ಳುವ ಯೇಸುವೇ ಗೆಳೆಯರು ಬಿಟ್ಟುಹೋದವನು. ಗೆತ್ಸೇಮನೆ ತೋಟದಲ್ಲಿ ಪೇತ್ರ, ಯಾಕೋಬ, ಯೋಹಾನರನ್ನು ತನ್ನ ಜೊತೆ ಎಚ್ಚರವಾಗಿರಿ ಎಂದು ಕೇಳಿಕೊಂಡ. ಮೂವರೂ ನಿದ್ದೆಹೋದರು. ಹಿಡಿಯಲು ಬಂದಾಗ ಶಿಷ್ಯರೆಲ್ಲ ಓಡಿಹೋದರು. ಮಹಾಯಾಜಕನ ಅಂಗಳದಲ್ಲಿ ಬೆಂಕಿ ಕಾಯಿಸಿಕೊಳ್ಳುತ್ತಾ ಪೇತ್ರ ತನಗೆ ಅವನ ಪರಿಚಯವೇ ಇಲ್ಲ ಎಂದ. ಪ್ರಭುಭೋಜನದ ವೇಳೆ ಸಭಾಪಾಲಕರಾಗಲಿ ಪಾದ್ರಿಯಾಗಲಿ ರೊಟ್ಟಿ ಎತ್ತಿಕೊಳ್ಳುವಾಗ ನೆನೆಯುವುದು ಆ ರಾತ್ರಿಯನ್ನೇ. ಆ ಸಾಲಿನಲ್ಲಿ ಕೈಚಾಚಿ ನಿಂತ ನೊಂದವರು ತಮ್ಮ ಗಾಯವನ್ನು ಅಲ್ಲಿ ವಿವರಿಸಿ ಹೇಳಬೇಕಾಗಿಲ್ಲ.

ಬಿಟ್ಟುಹೋದವರನ್ನು ಏನು ಮಾಡಬೇಕು ಎಂಬ ಪ್ರಶ್ನೆಗೆ ಪೌಲನ ಪತ್ರ ಒಂದೇ ಉತ್ತರ ಕೊಡುವುದಿಲ್ಲ, ಅದು ಸರಿಯೂ ಹೌದು. ಕಂಚುಗಾರ ಅಲೆಕ್ಸಾಂದ್ರನಿಂದ ತನಗೆ ಬಹಳ ಕೇಡಾಯಿತು, ನೀನೂ ಎಚ್ಚರವಾಗಿರು ಎನ್ನುತ್ತಾನೆ. ಕ್ಷಮಿಸಬೇಕು ಎಂದು ಕಲಿಸುವ ನಾವು ಈ ಎಚ್ಚರಿಕೆಯನ್ನೂ ಕಲಿಸಬೇಕು. ಅದೇ ಉಸಿರಿನಲ್ಲಿ ಮಾರ್ಕನನ್ನು ಕರೆದುಕೊಂಡು ಬಾ, ಅವನು ನನಗೆ ಉಪಯುಕ್ತ ಎಂದೂ ಬರೆಯುತ್ತಾನೆ. ಅಪೊಸ್ತಲರ ಕೃತ್ಯಗಳ ಪ್ರಕಾರ ಈ ಮಾರ್ಕ ಹಿಂದೊಮ್ಮೆ ಪ್ರಯಾಣದ ನಡುವೆ, ಪಂಫುಲ್ಯದಲ್ಲಿ, ಪೌಲನನ್ನೂ ಜೊತೆಗಿದ್ದ ಬಾರ್ನಬನನ್ನೂ ಬಿಟ್ಟು ಯೆರೂಸಲೇಮಿಗೆ ಮರಳಿದವನು. ಅವನನ್ನು ಮತ್ತೆ ಸೇರಿಸಿಕೊಳ್ಳುವ ವಿಷಯದಲ್ಲೇ ಪೌಲ ಮತ್ತು ಬಾರ್ನಬ ಜಗಳವಾಡಿ ಬೇರೆ ಬೇರೆ ದಾರಿ ಹಿಡಿದಿದ್ದರು. ವರ್ಷಗಳು ಕಳೆದ ಮೇಲೆ, ಸೆರೆಮನೆಯಿಂದ, ಅವನೇ ಬೇಕು ಎಂಬ ಕರೆ ಹೋಯಿತು. ಮನಸ್ಸು ಅಲ್ಲಿಗೆ ಬಂದು ಮುಟ್ಟಲು ಕಾಲ ಬೇಕು. ನೋವು ಹಸಿಯಾಗಿರುವಾಗಲೇ ರಾಜಿಯಾಗು ಎಂದು ದಬಾಯಿಸುವುದು ಕ್ರೂರ.

ನಮ್ಮ ಸಭೆಗಳಿಗೆ ಹೇಳಬೇಕಾದದ್ದು ಆ ಪತ್ರದ ಮೊದಲ ಅಧ್ಯಾಯದಲ್ಲಿದೆ. ಆಸ್ಯ ಸೀಮೆಯವರೆಲ್ಲ ಮುಖ ತಿರುಗಿಸಿದಾಗ ಒನೇಸಿಫೊರ ಎಂಬವನು ರೋಮಿಗೆ ಬಂದು, ಕಷ್ಟಪಟ್ಟು ಹುಡುಕಿ ಪೌಲನನ್ನು ಕಂಡುಹಿಡಿದ. ಅವನ ಬೇಡಿಗೆ ನಾಚಿಕೊಳ್ಳಲಿಲ್ಲ. ಭಾನುವಾರದ ಆರಾಧನೆಗೆ ಬರುವುದನ್ನು ನಿಲ್ಲಿಸಿದವರ ಮನೆಗೆ ಯಾರಾದರೂ ಹೀಗೆ ಹುಡುಕಿಕೊಂಡು ಹೋಗಬೇಕು. ಹೋದವರು ವಚನ ಹೇಳಲು ಅವಸರಪಡಬೇಕಿಲ್ಲ. ಯೋಬನ ಮೂವರು ಗೆಳೆಯರು ಏಳು ದಿನ ನೆಲದ ಮೇಲೆ ಸುಮ್ಮನೆ ಕೂತಿದ್ದಷ್ಟೂ ಹೊತ್ತು ಗೆಳೆಯರಾಗಿಯೇ ಇದ್ದರು. ಬುದ್ಧಿವಾದ ಶುರುಮಾಡಿದ ಮೇಲೆ ಕೆಟ್ಟಿತು. ಕಾಫಿ ಕುಡಿದು, ಅವರು ಹೇಳಿಕೊಂಡದ್ದನ್ನೆಲ್ಲ ಕೇಳಿಸಿಕೊಂಡು, ಮುಂದಿನ ವಾರ ಮತ್ತೆ ಹೋದರಾಯಿತು. ಒನೇಸಿಫೊರ ತನ್ನನ್ನು ಸಂತೈಸಿದ್ದು ಅನೇಕ ಸಲ ಎಂದು ಪೌಲ ನೆನೆಯುತ್ತಾನೆ.