ಹಿತ್ತಲಿಗೆ ಯಾವ ಸುಗಂಧರಾಜ?

ತಾಳವಾಡಿ, ಹೊಸೂರು ಕಡೆಯ ತಾಯಂದಿರು ದಪ್ಪ ಹೂವಿಗೆ ಮರುಳಾಗಿ ಸುತ್ತು ಸುಗಂಧರಾಜದ ಗೆಡ್ಡೆಯನ್ನೇ ತರುವುದುಂಟು. ನಾನೂ ತಂದವನೇ. ಹೂದಾನಿಗೆ ಅದು ಚೆನ್ನ. ಆದರೆ ಕಂಪು ಕಡಿಮೆ. ಮುಡಿಗೂ ಮಾಲೆಗೂ ಒಂಟಿ ಸುತ್ತಿನದೇ ಲೇಸು. ಸಂಜೆ ಅರಳಿದರೆ ಅಂಗಳವೆಲ್ಲ ಘಮಘಮ.

ಅದರಲ್ಲೂ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಈ ಎರಡು ಜಾತಿಗಳನ್ನೂ ಕೂಡಿಸಿ ತೆಗೆದ ಒಂಟಿ ಸುತ್ತಿನ ‘ಶೃಂಗಾರ’ವನ್ನೇ ನೆಡಬೇಕೆಂದು ನನ್ನ ಅಭಿಪ್ರಾಯ. ಬೇರಿಗೆ ಗಂಟು ಕಟ್ಟಿಸುವ ಜಂತುಹುಳುವನ್ನು ಅದು ತಡೆದುಕೊಳ್ಳುತ್ತದೆ. ವರ್ಷವರ್ಷವೂ ಬದನೆ, ಟೊಮ್ಯಾಟೊ ಹಾಕಿದ ಹಿತ್ತಲಲ್ಲಿ ಆ ಹುಳುವಿನ ಕಾಟ ಸಣ್ಣದಲ್ಲ.

ಬಚ್ಚಲ ನೀರು ನಿಲ್ಲುವಲ್ಲಿ ಮಾತ್ರ ಬೇಡ. ಅಲ್ಲಿ ಯಾವ ಜಾತಿಯ ಗೆಡ್ಡೆಯಾದರೂ ಕೊಳೆಯುವುದೇ. ಮೂರು ವರ್ಷಕ್ಕೊಮ್ಮೆ ಕಿತ್ತು, ಮರಿಗೆಡ್ಡೆ ಬಿಡಿಸಿ ಬೇರೆ ಕಡೆ ನೆಡಿ. ಮಿಕ್ಕದ್ದನ್ನು ನೆರೆಮನೆಯವರು ತಾವಾಗಿಯೇ ಕೇಳಿಕೊಂಡು ಬರುತ್ತಾರೆ.