ಮೈಲುತುತ್ತ ತೊಳೆದ ಮಳೆ ಎಲ್ಲಿಗೆ ಹೋಗುತ್ತದೆ?

ಮುಂಗಾರು ಹಿಡಿಯುವ ಮೊದಲಿನ ದಿನಗಳಲ್ಲಿ ಕೊಡಗಿನ ತೋಟಗಳಲ್ಲಿ ಔಷಧಿ ಹೊಡೆಯುವವರಿಗೆ ಪುರುಸೊತ್ತೇ ಇರುವುದಿಲ್ಲ. ನೀರು ಹತ್ತಿರವಿರಲಿ ಎಂದು ಕೆರೆಯ ಬದಿಯಲ್ಲೇ ಡ್ರಮ್ಮು ಇಡುತ್ತಾರೆ. ಒಂದರಲ್ಲಿ ಮೈಲುತುತ್ತ ಕರಗಿಸಿ, ಇನ್ನೊಂದರಲ್ಲಿ ಸುಣ್ಣ ಕಲಸಿ, ಎರಡನ್ನೂ ಸೇರಿಸಿದರೆ ಬೋರ್ಡೋ ದ್ರಾವಣ. ಕಾಫಿಯ ಕೊಳೆರೋಗಕ್ಕೆ, ಮೆಣಸಿನ ಬಳ್ಳಿಯ ಸೊರಗು ರೋಗಕ್ಕೆ, ಅಡಿಕೆ ಗೊನೆಗೆ ಅದು ಬೇಕೇ ಬೇಕು. ಶೇಕಡಾ 1ರ ದ್ರಾವಣವಾದರೆ 200 ಲೀಟರಿನ ಒಂದು ಡ್ರಮ್ಮಿಗೆ 2 ಕಿಲೋ ಮೈಲುತುತ್ತ ಬೀಳುತ್ತದೆ. ಅದರಲ್ಲಿ ಸುಮಾರು ಅರ್ಧ ಕಿಲೋ ಅಪ್ಪಟ ತಾಮ್ರ. ಕೆಲಸ ಮುಗಿದ ಮೇಲೆ ಡ್ರಮ್ಮು, ಪೈಪು, ಕೈಕಾಲು ತೊಳೆಯುವುದೂ ಎಷ್ಟೋ ಕಡೆ ಅದೇ ಕೆರೆಯಲ್ಲಿ. ಆಮೇಲೆ ಮಳೆ ಶುರುವಾಗುತ್ತದೆ. ನಡು ಮಳೆಗಾಲದ ಕಕ್ಕಡ ಮಾಸದ ಹೊತ್ತಿಗೆ ಎಲೆಯ ಮೇಲಿದ್ದ ನೀಲಿ ಕಲೆ ಬಹುಪಾಲು ಮಾಸಿರುತ್ತದೆ.

ತೊಳೆದುಹೋದ ತಾಮ್ರ ಎಲ್ಲಿಗೆ ಹೋಯಿತು ಎಂದು ಕೇಳುವವರು ಕಡಿಮೆ. ಅನೇಕ ಕೀಟನಾಶಕಗಳು ಬಿಸಿಲಿಗೆ, ಸೂಕ್ಷ್ಮಜೀವಿಗಳಿಗೆ ಸಿಕ್ಕು ಒಡೆದುಹೋಗುತ್ತವೆ. ಲೋಹ ಹಾಗೆ ಅಳಿಯುವುದಿಲ್ಲ. ಮೇಲ್ಮಣ್ಣಿನ ಸಾವಯವ ಅಂಶ ತಾಮ್ರವನ್ನು ಹಿಡಿದಿಟ್ಟುಕೊಳ್ಳುತ್ತದೆ, ವರ್ಷದಿಂದ ವರ್ಷಕ್ಕೆ ಅದು ಅಲ್ಲೇ ಸೇರುತ್ತಾ ಹೋಗುತ್ತದೆ. ಮಣ್ಣು ಹುಳಿಯಾದಷ್ಟೂ ಆ ಹಿಡಿತ ಸಡಿಲ. ಕೊಡಗಿನದು ಹುಳಿಮಣ್ಣು, ಮೇಲಾಗಿ ಇಳಿಜಾರು. ಮಣ್ಣು ಕೊಚ್ಚಿಹೋದಾಗ ಲೋಹವೂ ಅದರ ಜೊತೆಗೇ ತೋಡಿಗೆ, ತೋಡಿನಿಂದ ಹೊಳೆಗೆ ಇಳಿಯುತ್ತದೆ. 2018ರ ಆಗಸ್ಟಿನಲ್ಲಿ ಗುಡ್ಡಗಳೇ ಜಾರಿ ಬಂದಾಗ ಹಾರಂಗಿ ಜಲಾಶಯದ ಒಡಲಿಗೆ ಎಷ್ಟು ಹೂಳು ಸೇರಿತು ಎಂಬುದನ್ನು ಎಲ್ಲರೂ ನೋಡಿದ್ದೇವೆ.

ಬೋರ್ಡೋ ದ್ರಾವಣ ಹುಟ್ಟಿದ್ದು 1880ರ ದಶಕದಲ್ಲಿ, ಫ್ರಾನ್ಸಿನ ದ್ರಾಕ್ಷಿ ತೋಟಗಳಲ್ಲಿ. ಒಂದು ಶತಮಾನಕ್ಕೂ ಹೆಚ್ಚು ಕಾಲ ಸಿಂಪಡಿಸಿದ ಮೇಲೆ ಅಲ್ಲಿನ ಮಣ್ಣಿನಲ್ಲಿ ತಾಮ್ರ ಜಮೆಯಾಗಿರುವುದು ಕಂಡುಬಂತು. ಯುರೋಪಿನ ಒಕ್ಕೂಟ 2019ರಿಂದ ಇದಕ್ಕೆ ಮಿತಿ ಹಾಕಿದೆ: ಹೆಕ್ಟೇರಿಗೆ 7 ವರ್ಷಕ್ಕೆ ಒಟ್ಟು 28 ಕಿಲೋ ತಾಮ್ರ, ಅದಕ್ಕಿಂತ ಹೆಚ್ಚಿಲ್ಲ. ಇಲ್ಲಿ ಬೆಳೆಗಾರರನ್ನು ದೂರುವುದು ನನ್ನ ಉದ್ದೇಶವಲ್ಲ. ಬಳ್ಳಿ ಒಣಗಿ ನಿಂತಾಗ ಸಣ್ಣ ಹಿಡುವಳಿಯವನಿಗೆ ಬೇರೆ ದಾರಿ ಕಾಣುವುದಿಲ್ಲ. ಆದರೆ ಲೆಕ್ಕವನ್ನಾದರೂ ಇಡಬೇಕಲ್ಲವೇ?

ಲೆಕ್ಕಕ್ಕೆ ಬರಬೇಕಾದದ್ದು ತಾಮ್ರ ಮಾತ್ರವಲ್ಲ. ಹುಳಿಮಣ್ಣಿಗೆ ಒಗ್ಗುತ್ತದೆಂದು ಹಾಕುವ ಶಿಲಾರಂಜಕದಲ್ಲಿ ಕ್ಯಾಡ್ಮಿಯಂ ಇರುತ್ತದೆ, ಕೆಲವದರಲ್ಲಿ ಹೆಚ್ಚು, ಕೆಲವದರಲ್ಲಿ ಕಡಿಮೆ. ಪೇಟೆಗಳ ಕಸದ ರಾಶಿಯಲ್ಲಿ ಬ್ಯಾಟರಿ, ಬಣ್ಣದ ಡಬ್ಬ, ಕೆಟ್ಟ ಮೊಬೈಲು ನೆನೆದು ಬಸಿಯುವ ನೀರಿನಲ್ಲಿ ಸೀಸವಿರುತ್ತದೆ. ಮನೆಯೊಳಗಿನ ಕೊಳಾಯಿಯೂ ಒಂದು ಮೂಲವೇ. ಖನಿಜಾಂಶ ಕಡಿಮೆಯಿರುವ, ತುಸು ಹುಳಿಯಾದ ಮಲೆನಾಡಿನ ನೀರು ಪೈಪಿನಲ್ಲಿ ರಾತ್ರಿಯಿಡೀ ನಿಂತರೆ ಹಿತ್ತಾಳೆ ನಲ್ಲಿಯಿಂದ, ಬೆಸುಗೆಯಿಂದ ಲೋಹವನ್ನು ಕರಗಿಸಿಕೊಳ್ಳುತ್ತದೆ. ಪಿವಿಸಿ ಪೈಪಿನಲ್ಲಿ ಸೀಸದ ಬಳಕೆಯನ್ನು ತಡೆಯಲು ಕೇಂದ್ರ ಸರ್ಕಾರ 2021ರಲ್ಲಿ ನಿಯಮ ತಂದಿತು. ಅದಕ್ಕೂ ಮೊದಲು ಹೂತ ಪೈಪುಗಳು ಈಗಲೂ ನೆಲದಡಿಯಲ್ಲಿವೆ.

ಕಾವೇರಿ ನಮಗೆ ತಾಯಿ. ತುಲಾ ಸಂಕ್ರಮಣದಂದು ತಲಕಾವೇರಿಯಿಂದ ತಂದ ತೀರ್ಥವನ್ನು ವರ್ಷವಿಡೀ ಮನೆಯಲ್ಲಿ ಕಾಪಾಡಿಕೊಳ್ಳುವ ಜನ ನಾವು. ಆ ಭಕ್ತಿಯ ಬಗ್ಗೆ ನನಗೆ ಗೌರವವಿದೆ. ಆದರೆ ತಿಳಿಯಾಗಿ ಕಂಡ ನೀರೆಲ್ಲ ಶುದ್ಧ ಎಂಬ ನಂಬಿಕೆಯೂ ಅದರ ಜೊತೆ ಬೆಳೆದುಬಂದಿದೆ. ಸೀಸಕ್ಕೆ ಬಣ್ಣವಿಲ್ಲ, ಆರ್ಸೆನಿಕ್‌ಗೆ ರುಚಿಯಿಲ್ಲ. 2021ರಲ್ಲಿ ಪ್ರಕಟವಾದ ಐಐಟಿ ಮದ್ರಾಸಿನ ಅಧ್ಯಯನವೊಂದು ಕಾವೇರಿಯ ನೀರಿನಲ್ಲಿ ಔಷಧಗಳ ಅಂಶದ ಜೊತೆಗೆ ಆರ್ಸೆನಿಕ್, ಸತು, ಕ್ರೋಮಿಯಂ, ಸೀಸ, ನಿಕಲ್ ಇರುವುದನ್ನು ಗುರುತಿಸಿತು. ಅದೆಲ್ಲ ಕೆಳಗಿನ ಊರುಗಳ ಕೊಳೆ ಎಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ಹೊಳೆ ಹುಟ್ಟುವ ಜಿಲ್ಲೆಯವರು ಆ ಮಾತನ್ನು ಆಡಬಾರದು.

ಇದರ ಪೆಟ್ಟು ಮೊದಲು ಬೀಳುವುದು ತೋಟದ ಕಾರ್ಮಿಕರು ವಾಸಿಸುವ ಲೈನ್ ಮನೆಗಳ ಮೇಲೆ. ಎಸ್ಟೇಟಿನ ಕೆರೆಯ ನೀರೋ ತೋಡಿನ ನೀರೋ ಅವರ ಟ್ಯಾಂಕಿಗೆ ಬರುತ್ತದೆ. ಔಷಧಿಯ ಖಾಲಿ ಕ್ಯಾನು ತೊಳೆದು ಅದರಲ್ಲೇ ಕುಡಿಯುವ ನೀರು ತುಂಬಿಡುವ ಅಭ್ಯಾಸ ಪೂರ್ತಿ ಹೋಗಿಲ್ಲ. ಔಷಧಿ ಹೊಡೆಯುವ ಕೈಯೂ ಅವರದೇ, ಆ ನೀರು ಕುಡಿಯುವ ಮಕ್ಕಳೂ ಅವರವೇ. ಇದು ನನಗೆ ಸಹಿಸಲಾಗದ ಅನ್ಯಾಯವಾಗಿ ಕಾಣುತ್ತದೆ.

ಮಕ್ಕಳ ಮಾತು ಬಂದದ್ದರಿಂದ ಹೇಳುತ್ತೇನೆ. ನಮ್ಮ ದೇಶದ ಹಸುಗೂಸುಗಳನ್ನು ಕಾಡುತ್ತಿದ್ದ ಒಂದು ಬಗೆಯ ಯಕೃತ್ತಿನ ಕಾಯಿಲೆಗೂ, ಕಲಾಯಿ ಇಲ್ಲದ ತಾಮ್ರ, ಹಿತ್ತಾಳೆ ಪಾತ್ರೆಯಲ್ಲಿ ಕಾಯಿಸಿದ ಹಾಲಿಗೂ ನಂಟಿದೆಯೆಂದು 1980ರ ದಶಕದಲ್ಲಿ ಪುಣೆಯ ವೈದ್ಯರು ತೋರಿಸಿದರು. ಸ್ಟೀಲ್ ಪಾತ್ರೆ ಬಂದ ಮೇಲೆ ಆ ಕಾಯಿಲೆ ಅಪರೂಪವಾಯಿತು. ಸ್ವಲ್ಪ ತಾಮ್ರ ದೇಹಕ್ಕೆ ಬೇಕು, ದೊಡ್ಡವರ ಯಕೃತ್ತು ಹೆಚ್ಚಾದದ್ದನ್ನು ಹೊರಹಾಕುತ್ತದೆ. ಕೂಸಿನ ಯಕೃತ್ತಿಗೆ ಆ ಶಕ್ತಿ ಕಡಿಮೆ. ಸೀಸದ ವಿಷಯದಲ್ಲಿ ‘ಸ್ವಲ್ಪ’ ಎಂಬುದಕ್ಕೂ ಜಾಗವಿಲ್ಲ. ಅದಕ್ಕೆ ಸುರಕ್ಷಿತ ಪ್ರಮಾಣವೆಂಬುದು ಗೊತ್ತಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ಅದು ಮೂಳೆಯಲ್ಲಿ ದಶಕಗಟ್ಟಲೆ ಉಳಿಯುತ್ತದೆ, ಮಗುವಿನ ಮಿದುಳಿನ ಬೆಳವಣಿಗೆಯನ್ನು ಕುಂದಿಸುತ್ತದೆ. ಕ್ಯಾಡ್ಮಿಯಂ ನಿಧಾನವಾಗಿ ಮೂತ್ರಪಿಂಡ ಕೆಡಿಸುತ್ತದೆ.

ಕಾಯಿಲೆ ಕಾಣಿಸಿಕೊಳ್ಳಲಿ, ಆಮೇಲೆ ನೋಡೋಣ ಎಂದರೆ ಏನಾಗುತ್ತದೆ ಎಂಬುದಕ್ಕೆ ಯಾದಗಿರಿ ಜಿಲ್ಲೆ ಸುರಪುರ ತಾಲ್ಲೂಕಿನ ಕಿರದಳ್ಳಿ ತಾಂಡಾದ ಉದಾಹರಣೆ ನಮ್ಮ ರಾಜ್ಯದಲ್ಲೇ ಇದೆ. ಹಳೆಯ ಚಿನ್ನದ ಗಣಿ ಪ್ರದೇಶದ ಆ ತಾಂಡಾದಲ್ಲಿ ಜನರ ಅಂಗೈ, ಅಂಗಾಲು, ಮೈಮೇಲೆ ಗಂಟು, ಕಲೆಗಳು ಕಂಡ ಮೇಲೆ ಕೊಳವೆಬಾವಿಯ ನೀರಿನಲ್ಲಿ ಆರ್ಸೆನಿಕ್ ಇರುವುದು ಬಯಲಾಯಿತು. ಅಷ್ಟರಲ್ಲಿ ಅವರು ಆ ನೀರನ್ನು ವರ್ಷಗಟ್ಟಲೆ ಕುಡಿದಾಗಿತ್ತು.

ಜಲಜೀವನ್ ಮಿಷನ್ ಅಡಿ ಹಳ್ಳಿಗೆ ಐವರು ಮಹಿಳೆಯರಿಗೆ ನೀರಿನ ಪರೀಕ್ಷೆಯ ಕಿಟ್ ಬಳಸುವ ತರಬೇತಿ ಕೊಡಬೇಕೆಂದಿದೆ. ಒಳ್ಳೆಯ ಕೆಲಸ. ಆದರೆ ಸಾಮಾನ್ಯವಾಗಿ ಕೊಡುವ ಆ ಕಿಟ್ ಕ್ಲೋರಿನ್, ಫ್ಲೋರೈಡ್, ನೈಟ್ರೇಟ್, ಕಬ್ಬಿಣ, ಗಡಸುತನ ಇಂಥವನ್ನು ಹೇಳುತ್ತದೆಯೇ ಹೊರತು ಸೀಸ, ಕ್ಯಾಡ್ಮಿಯಂ ಬಗ್ಗೆ ಏನನ್ನೂ ಹೇಳದು. ಭಾರತೀಯ ಮಾನಕದ ಪ್ರಕಾರ ಲೀಟರ್ ನೀರಿನಲ್ಲಿ ಸೀಸ 0.01 ಮಿಲಿಗ್ರಾಂ, ಕ್ಯಾಡ್ಮಿಯಂ 0.003 ಮಿಲಿಗ್ರಾಂ ಮೀರಬಾರದು. ಇಷ್ಟು ಸೂಕ್ಷ್ಮ ಪ್ರಮಾಣ ಅಳೆಯಲು ಸುಸಜ್ಜಿತ ಪ್ರಯೋಗಾಲಯವೇ ಬೇಕು. ಇನ್ನು ಕಾಯಿಸಿ ಕುಡಿದರೆ ಸಾಕು ಎಂಬ ಮಾತು ಲೋಹಕ್ಕೆ ಅನ್ವಯಿಸುವುದಿಲ್ಲ. ಕುದಿಸಿದರೆ ನೀರು ಆವಿಯಾಗಿ ಲೋಹ ಉಳಿದುಕೊಳ್ಳುತ್ತದೆ.

ಆದ್ದರಿಂದ ಜಿಲ್ಲಾ ಪಂಚಾಯಿತಿಯನ್ನು ಕೇಳುವುದು ಇಷ್ಟು. ವರ್ಷಕ್ಕೆ ಎರಡು ಸಲ, ಮೊದಲ ಮಳೆ ಇಳಿದ ಕೂಡಲೇ ಒಮ್ಮೆ, ಹೊಳೆ ಬತ್ತುವ ಮಾರ್ಚ್–ಏಪ್ರಿಲಿನಲ್ಲಿ ಇನ್ನೊಮ್ಮೆ, ಕುಡಿಯುವ ನೀರಿನ ಮೂಲಗಳಿಂದ ಮಾದರಿ ತೆಗೆಸಿ ಲೋಹಗಳ ಪರೀಕ್ಷೆ ಮಾಡಿಸಲಿ. ಮಡಿಕೇರಿ, ಕುಶಾಲನಗರ, ಸಿದ್ದಾಪುರದಂಥ ಪೇಟೆಗಳ ಜೊತೆ ಲೈನ್ ಮನೆಗಳ ಟ್ಯಾಂಕೂ ಆ ಪಟ್ಟಿಯಲ್ಲಿರಲಿ. ಫಲಿತಾಂಶವನ್ನು ಕನ್ನಡದಲ್ಲಿ ಬರೆದು ಪಂಚಾಯಿತಿ ಕಟ್ಟಡದ ಗೋಡೆಗೆ ಹಾಕಲಿ. ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರ ಮಣ್ಣಿನಲ್ಲಿ ಸೇರಿದ ತಾಮ್ರದ ಲೆಕ್ಕವನ್ನೂ ಬೆಳೆಗಾರರಿಗೆ ತಿಳಿಸುವಂತಾಗಲಿ. ಬೆಳೆಗಾರರು ಈ ವರ್ಷವೇ ಮಾಡಬಹುದಾದ, ಖರ್ಚಿಲ್ಲದ ಎರಡು ಕೆಲಸಗಳಿವೆ: ಡ್ರಮ್ಮನ್ನು ಕೆರೆಯ ದಡದಿಂದ ದೂರಕ್ಕೆ ಸರಿಸುವುದು, ಮಿಕ್ಕ ದ್ರಾವಣವನ್ನು ತೋಡಿಗೆ ಚೆಲ್ಲದಿರುವುದು.