ಹೊಟ್ಟು ಹಾರಲಿ, ಕಾಳು ಉಳಿಯಲಿ

ರಾಶಿ ತೂರುವಾಗ ಹೊಟ್ಟು ಹಾರಬೇಕು, ಕಾಳು ಕಣದಲ್ಲಿಯೇ ಬೀಳಬೇಕು. ಕಾಗದಪತ್ರಗಳನ್ನು ಆನ್‌ಲೈನ್ ಅರ್ಜಿಗೆ ಏರಿಸುವಾಗಲೂ ಇದೇ ಎಚ್ಚರ ಬೇಕೆಂಬುದು ನಮ್ಮ ಮತ.

ಜತ್ತ, ಅಕ್ಕಲಕೋಟೆ ಸೀಮೆಯ ರೈತ ಬಾಂಧವರು ಬೆಳೆವಿಮೆ, ಸಾಲ, ಸಹಾಯಧನಗಳಿಗಾಗಿ ಹಲವು ಸಲ ಸಾತಬಾರಾ ಉತಾರೆಯನ್ನೋ ಪಾಸ್‌ಬುಕ್ಕನ್ನೋ ಅಪ್‌ಲೋಡ್ ಮಾಡಬೇಕಾಗುತ್ತದೆ. ಮೊಬೈಲಿನಲ್ಲಿ ತೆಗೆದ ಚಿತ್ರ ಮೂರು ನಾಲ್ಕು ಸಾವಿರ ಕೆ.ಬಿ. ಇರುತ್ತದೆ; ಅರ್ಜಿಯ ಮಿತಿಯೋ 200, ಇಲ್ಲವೆ 500. ಅವಸರದಲ್ಲಿ ಹಿಂಡಿ ಕಳಿಸುತ್ತೇವೆ. ಕಳೆದ ಹಂಗಾಮಿನಲ್ಲಿ ನಮ್ಮ ನೆರೆಯ ರೈತರೊಬ್ಬರ ಅರ್ಜಿ ಹೀಗೆಯೇ ಮರಳಿತು. ಗಟ್ ನಂಬರಿನಲ್ಲಿದ್ದ ದೇವನಾಗರಿಯ ಒಂದು, ಒಂಬತ್ತಿನಂತೆ ಕಾಣುತ್ತಿತ್ತು. ತಿದ್ದುವಷ್ಟರಲ್ಲಿ ಮುದತ್ತು ಮುಗಿದಿತ್ತು.

ಹಾಗಾದರೆ ಹೊಟ್ಟು ಯಾವುದು? ಮೊದಲನೆಯದು, ಕಾಗದದ ಸುತ್ತ ಚಿತ್ರದಲ್ಲಿ ಬಂದ ಚಾಪೆ, ಮೇಜು. ಅದನ್ನು ಕತ್ತರಿಸಿರಿ. ಎರಡನೆಯದು, ಬಣ್ಣ. ಬಣ್ಣ ಕೇಳದಿದ್ದಲ್ಲಿ ಬೂದುಬಣ್ಣದಲ್ಲಿ ಉಳಿಸಿರಿ. ಬರೀ ಕಪ್ಪು ಬಿಳುಪು ಮಾಡಿದರೆ ಮಸುಕಾದ ಮೊಹರು ಮಾಯವಾದೀತು. ಮೂರನೆಯದು, ಚುಕ್ಕೆಗಳ ಸಂಖ್ಯೆ. ಎ4 ಹಾಳೆಯನ್ನು ಇಂಚಿಗೆ 300 ಚುಕ್ಕೆಯಂತೆ ಸ್ಕ್ಯಾನ್ ಮಾಡಿದರೆ ಸುಮಾರು 87 ಲಕ್ಷ ಚುಕ್ಕೆಗಳಾಗುತ್ತವೆ. 150ಕ್ಕೆ ಇಳಿಸಿದರೆ 22 ಲಕ್ಷ, ಅಂದರೆ ಕಾಲುಭಾಗ. ಸಾಧಾರಣ ಅಕ್ಷರಗಳಿಗೆ ಅಷ್ಟು ಸಾಕು. 100ಕ್ಕಿಂತ ಕೆಳಗಿಳಿದರೆ ಒತ್ತಕ್ಷರಗಳು ಕಲಸಿಹೋಗುತ್ತವೆ. ಇಷ್ಟಾದ ಮೇಲೂ ಮಿತಿಗೆ ಬರದಿದ್ದರೆ ಮಾತ್ರ ಜೆಪೆಗ್‌ನ ಗುಣಮಟ್ಟವನ್ನು ಸ್ವಲ್ಪ ಇಳಿಸಿರಿ. ಹಿಂಡಿದ್ದನ್ನೇ ಮತ್ತೆ ಹಿಂಡಬೇಡಿರಿ. ಪ್ರತಿಸಲವೂ ಮೂಲಪ್ರತಿಯಿಂದಲೇ ಆರಂಭಿಸಿರಿ. ವಾಟ್ಸಾಪಿನಲ್ಲಿ ಚಿತ್ರವಾಗಿ ಕಳಿಸಿದರೆ ಅದು ತಾನಾಗಿಯೇ ಕುಗ್ಗುತ್ತದೆ. ಡಾಕ್ಯುಮೆಂಟ್ ಎಂದು ಕಳಿಸಿರಿ.

ಡಿಜಿಟಲ್ ಸಹಿಯುಳ್ಳ ಉತಾರೆಯ ಪಿ.ಡಿ.ಎಫ್. ಅನ್ನು ಇದ್ದಂತೆಯೇ ಏರಿಸಿರಿ. ಅದನ್ನು ಮುದ್ರಿಸಿ ಪುನಃ ಚಿತ್ರ ತೆಗೆದರೆ ಸ್ಪಷ್ಟತೆ ಹೋಗುತ್ತದೆ. ಹಿಂಡಿ ಉಳಿಸಿದರೆ ಸಹಿಯೇ ಅಸಿಂಧುವಾಗುತ್ತದೆ.

ಕಳಿಸುವ ಮುನ್ನ ಒಂದು ಪರೀಕ್ಷೆ ಮಾಡತಕ್ಕದ್ದು. ಫೈಲನ್ನು ದೊಡ್ಡದು ಮಾಡಿ, ಕಾಗದ ನೋಡದ ಇನ್ನೊಬ್ಬರಿಂದ ಹೆಸರು, ಗಟ್ ನಂಬರು, ಖಾತೆ ನಂಬರುಗಳನ್ನು ಓದಿಸಿರಿ. ಅವರು ತಡವರಿಸಿದರೆ ಅಧಿಕಾರಿಯೂ ತಡವರಿಸುತ್ತಾನೆ.

ತಪ್ಪೆಲ್ಲ ರೈತನದೇ ಎಂದು ನಾವು ಹೇಳುವುದಿಲ್ಲ. ಕನ್ನಡದಲ್ಲಿ ದಕಾರಕ್ಕೂ ಧಕಾರಕ್ಕೂ ಒಂದು ಗೀಟಿನ ಅಂತರ. ಇಂಥ ಲಿಪಿಯ ದಾಖಲೆಗೆ ಮಿತಿ ಗೊತ್ತುಪಡಿಸುವವರು ಒಂದು ಹಳೆಯ ಉತಾರೆಯನ್ನು ಅಷ್ಟಕ್ಕೆ ಇಳಿಸಿ ತಾವೇ ಓದಿ ನೋಡಲಿ. ಅಸ್ಪಷ್ಟವಾದುದನ್ನು ತಿದ್ದಲು ಮುದತ್ತು ಮುಗಿದ ಮೇಲೂ ಒಂದು ವಾರ ಕೊಡಲಿ. ನಮ್ಮ ಶಾಲೆಗಳಲ್ಲಿ ದೊಡ್ಡ ತರಗತಿಯ ಮಕ್ಕಳಿಗೆ ಒಂದು ತಾಸು ಇದನ್ನು ಕಲಿಸಿದರೆ, ಮನೆಮನೆಗೂ ಒಬ್ಬ ತಿಳಿದವನಿರುತ್ತಾನೆ. ಇದೇನೂ ಬ್ರಹ್ಮವಿದ್ಯೆಯಲ್ಲ.

ಹೊಟ್ಟಿನ ಜೊತೆಗೆ ಕಾಳೂ ಹಾರಿಹೋದ ಮೇಲೆ ಕಣ ಗುಡಿಸಿ ಫಲವೇನು?